ದೇವಾಲಯದಲ್ಲಿ ಧ್ವನಿಸೇವೆ: ಒಂದು ಚಾರಿತ್ರಿಕ ಅವಲೋಕನ



ಶತಮಾನೋತ್ಸವದ ಈ ಸ್ಮರಣ ಸಂಚಿಕೆಯನ್ನು ಸಿದ್ಧಪಡಿಸುವ ಸಂದರ್ಭದಲ್ಲಿ ನಮ್ಮ ಧರ್ಮಕೇಂದ್ರದ ಹಳೆಯ ದಾಖಲೆಗಳನ್ನು ಒಂದೊಂದಾಗಿ ತಿರುವಿ ನೋಡುವ ಅವಕಾಶ ನನಗೆ ಒದಗಿತು. ಇಲ್ಲಿ ಸೇವೆ ಸಲ್ಲಿಸಿದ ಗುರುಗಳ ಪಟ್ಟಿ ಇದೆ. ಕನ್ಯಾಸ್ತ್ರೀಯರ, ಉಪದೇಶಿಗಳ, ಗಾನವೃಂದದವರ ಹೆಸರುಗಳಿವೆ. ಗಂಟೆಯನ್ನು ಕೊಟ್ಟವರು ಯಾರು, ಬಲಿಪೀಠದ ಕಲ್ಲನ್ನು ಕೊಟ್ಟವರು ಯಾರು ಎಂಬುದೂ ದಾಖಲಾಗಿದೆ. ಆದರೆ ಒಂದು ವರ್ಗದ ಸೇವಕರ ಹೆಸರು ಮಾತ್ರ ಎಲ್ಲಿಯೂ ಕಾಣಸಿಗಲಿಲ್ಲ. ಧ್ವನಿವರ್ಧಕವನ್ನು ಕೊಂಡ ಖರ್ಚು, ದುರಸ್ತಿ ಮಾಡಿಸಿದ ಖರ್ಚು, ತಂತಿ ಮತ್ತು ಬ್ಯಾಟರಿಗಳ ಖರ್ಚು ಲೆಕ್ಕದ ಪುಸ್ತಕಗಳಲ್ಲಿ ಸ್ಪಷ್ಟವಾಗಿವೆ. ಅದನ್ನು ನಡೆಸಿದವರ ಹೆಸರು ಇಲ್ಲ. ಕಾರಣ ಸರಳವಾದದ್ದು: ಅವರಿಗೆ ನಾವು ಸಂಬಳ ಕೊಡಲಿಲ್ಲ. ಸಂಬಳ ಪಡೆಯದ ಕಾರಣದಿಂದಲೇ ಅವರು ನಮ್ಮ ಲೆಕ್ಕಕ್ಕೆ ಸೇರದೆ ಹೋದರು.

ಆದುದರಿಂದ ಕಂಬದ ಬದಿಯಲ್ಲಿ ಸಣ್ಣ ಮೇಜನ್ನು ಇಟ್ಟುಕೊಂಡು, ಪೂಜೆಯುದ್ದಕ್ಕೂ ಕಿವಿಗೊಟ್ಟು ಕುಳಿತಿರುವ ಈ ಸ್ವಯಂಸೇವಕರ ವಿಷಯವಾಗಿ ಈ ಸಂಚಿಕೆಯಲ್ಲಿ ನಾಲ್ಕು ಮಾತು ಬರೆಯುವುದು ನನ್ನ ಕರ್ತವ್ಯವೆಂದು ಭಾವಿಸಿದೆ. ಇವರ ಸೇವೆ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಯಂತ್ರ ಹೊಸದಾದರೂ ಅದರ ಹಿಂದಿರುವ ಕರ್ತವ್ಯ ಧರ್ಮಸಭೆಯಷ್ಟೇ ಹಳೆಯದು.

ಯಂತ್ರಕ್ಕೆ ಮುಂಚಿನ ಕಾಲ

ನಮ್ಮ ವಿಶ್ವಾಸವು ಕೇಳುವುದರಿಂದ ಹುಟ್ಟತಕ್ಕದ್ದೆಂದು ಸಂತ ಪೌಲರು ರೋಮನರಿಗೆ ಬರೆದ ಪತ್ರದಲ್ಲಿ ಬೋಧಿಸಿದ್ದಾರೆ. ಕೇಳುವುದು ಅಷ್ಟು ಮುಖ್ಯವಾದರೆ, ಕೇಳಿಸುವಂತೆ ಮಾಡುವುದೂ ಅಷ್ಟೇ ಮುಖ್ಯ. ನೆಹೆಮೀಯನ ಗ್ರಂಥದ ಎಂಟನೆಯ ಅಧ್ಯಾಯವನ್ನು ಓದಿ ನೋಡಿ. ಧರ್ಮಶಾಸ್ತ್ರಿ ಎಜ್ರನು ಜನರ ಮುಂದೆ ಧರ್ಮಶಾಸ್ತ್ರವನ್ನು ಓದಿದಾಗ, ಆ ಕೆಲಸಕ್ಕೆಂದೇ ಕಟ್ಟಿದ ಮರದ ಅಟ್ಟಣೆಯ ಮೇಲೆ ನಿಂತಿದ್ದನು. ಲೇವಿಯರು ಓದಿದ್ದರ ಅರ್ಥವನ್ನು ಜನರಿಗೆ ಬಿಡಿಸಿ ತಿಳಿಸಿದರು. ಅಟ್ಟಣೆಯನ್ನು ಕಟ್ಟಿದ ಬಡಗಿಯ ಹೆಸರನ್ನು ಪವಿತ್ರ ಗ್ರಂಥ ಹೇಳುವುದಿಲ್ಲ. ಆದರೂ ಅವನು ಕೆಲಸ ಮಾಡದಿದ್ದರೆ ಹಿಂದೆ ನಿಂತವರ ಕಿವಿಗೆ ದೇವರ ವಾಕ್ಯ ತಲುಪುತ್ತಿರಲಿಲ್ಲ.

ಪ್ರಭು ಯೇಸುಕ್ರಿಸ್ತರು ಗೆನೆಸರೇತ್ ಸರೋವರದ ದಡದಲ್ಲಿ ಜನರ ನೂಕುನುಗ್ಗಲು ಹೆಚ್ಚಿದಾಗ ಸಿಮೋನನ ದೋಣಿಯನ್ನು ಹತ್ತಿ, ದಡದಿಂದ ತುಸು ದೂರ ನೂಕಿಸಿ, ಅಲ್ಲಿ ಕುಳಿತು ಬೋಧಿಸಿದರೆಂದು ಸಂತ ಲೂಕರು ತಿಳಿಸುತ್ತಾರೆ. ನೆಲದ ಮೇಲೆ ನಿಂತ ಜನಜಂಗುಳಿ ಧ್ವನಿಯನ್ನು ಹೀರಿಕೊಳ್ಳುತ್ತದೆ, ಆದರೆ ಶಾಂತವಾದ ನೀರಿನ ಮೇಲೆ ಅದು ದೂರ ಸಾಗುತ್ತದೆ. ಮೀನುಗಾರರಿಗೆ ಇದು ನಿತ್ಯದ ಅನುಭವ. ದೋಣಿಯನ್ನು ಕೊಟ್ಟು ಸ್ಥಿರವಾಗಿ ಹಿಡಿದು ನಿಂತ ಸಿಮೋನನು ಆ ದಿನ ಮಾಡಿದ್ದು ಧ್ವನಿಸೇವೆಯೇ ಎಂದರೆ ಅತಿಶಯೋಕ್ತಿಯಾಗಲಾರದು.

ಮುಂದೆ ದೊಡ್ಡ ದೇವಾಲಯಗಳು ಕಟ್ಟಲ್ಪಟ್ಟ ಮೇಲೆ ಈ ಕಷ್ಟ ಹೆಚ್ಚಾಯಿತು. ಕಾನ್‌ಸ್ಟಾಂಟಿನೋಪಲಿನ ಧರ್ಮಾಧ್ಯಕ್ಷರಾಗಿದ್ದ, ಸುವರ್ಣವಾಣಿಯೆಂದು ಖ್ಯಾತರಾದ ಸಂತ ಯೊವಾನ್ನ ಕ್ರಿಸೋಸ್ತೊಮರು ಜನರಿಗೆ ಚೆನ್ನಾಗಿ ಕೇಳಿಸಲೆಂದು ಸಭೆಯ ನಡುವಣ ವಾಚನ ವೇದಿಕೆಯಿಂದ ಬೋಧಿಸುತ್ತಿದ್ದರೆಂದು ಐದನೆಯ ಶತಮಾನದ ಇತಿಹಾಸಕಾರ ಸಾಕ್ರಟೀಸ್ ಬರೆದಿದ್ದಾನೆ. ಸಂತ ಅಗಸ್ಟೀನರ ಧ್ವನಿ ದುರ್ಬಲವಾಗಿತ್ತು. ಬೋಧನೆಯ ನಡುವೆ ಸದ್ದು ಮಾಡಬೇಡಿರೆಂದು ಅವರು ಜನರನ್ನು ಬೇಡಿಕೊಳ್ಳುತ್ತಿದ್ದುದುಂಟು. ಅಷ್ಟು ದೊಡ್ಡ ಜ್ಞಾನಿಗೂ ತನ್ನ ಮಾತು ಹಿಂದಿನ ಸಾಲಿಗೆ ಮುಟ್ಟುತ್ತದೆಯೋ ಇಲ್ಲವೋ ಎಂಬ ಚಿಂತೆ ತಪ್ಪಿರಲಿಲ್ಲ.

ಹಳೆಯ ದೇವಾಲಯಗಳಲ್ಲಿ ಪ್ರಬೋಧನಾ ಪೀಠವನ್ನು ಬಲಿಪೀಠದ ಬಳಿ ಇಡದೆ ಸಭಾಂಗಣದ ನಡುಭಾಗದ ಒಂದು ಪಕ್ಕದಲ್ಲಿ ಎತ್ತರಕ್ಕೆ ಕಟ್ಟಿ, ಅದರ ಮೇಲೆ ಕೊಡೆಯಂತೆ ಮರದ ಹಲಗೆಯೊಂದನ್ನು ಹೊದಿಸಿರುವುದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅದು ಅಲಂಕಾರಕ್ಕಾಗಿ ಮಾತ್ರ ಇದ್ದುದಲ್ಲ. ಮೇಲಕ್ಕೆ ಹೋಗಿ ಕಮಾನಿನಲ್ಲಿ ಕಳೆದುಹೋಗತಕ್ಕ ಧ್ವನಿಯನ್ನು ತಡೆದು ಜನರ ಕಡೆಗೆ ಹಿಂದಿರುಗಿಸುವುದೇ ಅದರ ಕೆಲಸ. ಎತ್ತರದ ಕಲ್ಲಿನ ಕಮಾನುಗಳು ಲತೀನ್ ಗಾಯನಕ್ಕೆ ಹೇಳಿಮಾಡಿಸಿದಂತಿದ್ದವು. ಒಂದು ಸ್ವರ ಮುಗಿಯುವ ಮುನ್ನವೇ ಇನ್ನೊಂದು ಬಂದು ಸೇರಿಕೊಂಡರೆ ಹಾಡಿಗೆ ಮೆರುಗು ಬರುತ್ತದೆ. ಆದರೆ ಮಾತಿನ ಗತಿ ಬೇರೆ. ಹಿಂದಿನ ಅಕ್ಷರದ ಪ್ರತಿಧ್ವನಿ ಮುಂದಿನ ಅಕ್ಷರವನ್ನು ನುಂಗಿಬಿಡುತ್ತದೆ.

ಈ ತೊಡಕನ್ನು ಮೊದಲು ಶಾಸ್ತ್ರೀಯವಾಗಿ ಅಳೆದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವ್ಯಾಲೇಸ್ ಸೆಬೈನ್ ಎಂಬ ಭೌತವಿಜ್ಞಾನಿ. ಅಲ್ಲಿಯ ಹೊಸ ಉಪನ್ಯಾಸ ಮಂದಿರದಲ್ಲಿ ಆಡಿದ ಮಾತು ಸುಮಾರು ಐದೂವರೆ ಸೆಕೆಂಡುಗಳ ಕಾಲ ಅನುರಣಿಸುತ್ತಿದ್ದುದರಿಂದ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. 1895ರಲ್ಲಿ ಈ ಕೆಲಸವನ್ನು ಕೈಗೆತ್ತಿಕೊಂಡ ಅವರು ಪಕ್ಕದ ನಾಟಕಶಾಲೆಯ ಆಸನದ ಮೆತ್ತೆಗಳನ್ನು ರಾತ್ರಿ ಹೊತ್ತು ಹೊರಿಸಿ ತಂದು ಹಾಸಿ, ಪ್ರತಿಧ್ವನಿ ಎಷ್ಟೆಷ್ಟು ಕುಗ್ಗುತ್ತದೆಂದು ಅಳೆದರು. ಮೆತ್ತನೆಯ ವಸ್ತುಗಳೂ ಜನರ ಮೈಯೂ ಉಡುಪೂ ಧ್ವನಿಯನ್ನು ಹೀರಿಕೊಳ್ಳುತ್ತವೆಂಬುದನ್ನು ಅವರು ಲೆಕ್ಕದಿಂದ ತೋರಿಸಿಕೊಟ್ಟರು. ಬರಿದಾದ ದೇವಾಲಯದಲ್ಲಿ ಸರಿಪಡಿಸಿಟ್ಟ ಧ್ವನಿ ಜನ ತುಂಬಿದ ಮೇಲೆ ಸಾಲದೆ ಹೋಗುವುದು ಏಕೆಂದು ನಮ್ಮ ಯುವಕರು ಕೇಳುವುದುಂಟು. ಉತ್ತರ ಅಲ್ಲಿದೆ.

ಗಂಟೆಯ ಕಾಲ, ದ್ವಾರಪಾಲಕನ ದೀಕ್ಷೆ

ನೂರು ವರ್ಷಗಳ ಹಿಂದೆ ನಮ್ಮ ಹಿರಿಯರು ಈ ದೇವಾಲಯದಲ್ಲಿ ಮೊದಲ ಪೂಜೆಗೆ ಕೂಡಿದಾಗ ಪರಿಸ್ಥಿತಿ ಬೇರೆಯೇ ಆಗಿತ್ತು. ಪೂಜೆ ಲತೀನಿನಲ್ಲಿ ನಡೆಯುತ್ತಿತ್ತು. ಗುರುಗಳು ಬಲಿಪೀಠದ ಕಡೆಗೆ ಮುಖಮಾಡಿ ನಿಲ್ಲುತ್ತಿದ್ದರು. ಪೂಜೆಯ ಅತ್ಯಂತ ಪವಿತ್ರ ಭಾಗವಾದ ಮಹಾಪ್ರಾರ್ಥನೆಯನ್ನು ತಗ್ಗಿದ ದನಿಯಲ್ಲಿ ಹೇಳಬೇಕೆಂಬುದೇ ನಿಯಮವಾಗಿತ್ತು. ಜನರು ಜಪಸರ ಹಿಡಿದು ತಮ್ಮ ಪ್ರಾರ್ಥನೆಗಳನ್ನು ಮಾಡಿಕೊಳ್ಳುತ್ತಿದ್ದರು. ಪರಮಪ್ರಸಾದವನ್ನು ಮೇಲೆತ್ತುವ ಗಳಿಗೆಯಲ್ಲಿ ಪೀಠಬಾಲಕನು ಬಾರಿಸುತ್ತಿದ್ದ ಗಂಟೆಯೇ ಅವರನ್ನು ಎಚ್ಚರಿಸುತ್ತಿತ್ತು. ಪ್ರಬೋಧನೆಯೊಂದನ್ನು ಬಿಟ್ಟರೆ ಜನರ ಕಿವಿಗೆ ಅಗತ್ಯವಾದದ್ದು ಗಂಟೆಯ ನಾದ ಮಾತ್ರ.

ಆ ಗಂಟೆಯನ್ನು ಬಾರಿಸುವ ಕೆಲಸಕ್ಕೆ ಪುರಾತನ ಧರ್ಮಸಭೆಯಲ್ಲಿ ಒಂದು ದೀಕ್ಷೆಯೇ ಇದ್ದಿತೆಂಬುದು ಇಂದಿನ ಯುವಕರಿಗೆ ತಿಳಿದಿರಲಿಕ್ಕಿಲ್ಲ. ಗುರುದೀಕ್ಷೆಗೆ ಮುನ್ನ ಪಡೆಯಬೇಕಾಗಿದ್ದ ನಾಲ್ಕು ಕಿರಿಯ ದೀಕ್ಷೆಗಳಲ್ಲಿ ಮೊದಲನೆಯದು ದ್ವಾರಪಾಲಕನ ದೀಕ್ಷೆ. ಧರ್ಮಾಧ್ಯಕ್ಷರು ದೇವಾಲಯದ ಬೀಗದ ಕೈಯನ್ನು ಮುಟ್ಟಿಸುತ್ತಿದ್ದರು. ದೀಕ್ಷಾರ್ಥಿಯು ಬಾಗಿಲನ್ನು ತೆರೆದು ಮುಚ್ಚಿ, ಗಂಟೆ ಬಾರಿಸುತ್ತಿದ್ದನು. ಗಂಟೆ ಬಾರಿಸುವುದು, ದೇವಾಲಯವನ್ನು ತೆರೆಯುವುದು, ಬೋಧಿಸುವವರ ಮುಂದೆ ಗ್ರಂಥವನ್ನು ತೆರೆದಿಡುವುದು ಇವು ಅವನ ಕರ್ತವ್ಯಗಳೆಂದು ದೀಕ್ಷಾವಿಧಿಯ ಗ್ರಂಥದಲ್ಲಿ ಹೇಳಲಾಗಿತ್ತು. 1972ರ ಆಗಸ್ಟ್ 15ರಂದು ಜಗದ್ಗುರು ಆರನೆಯ ಪೌಲರು ಹೊರಡಿಸಿದ ಆದೇಶದಿಂದ ಈ ದೀಕ್ಷೆ ನಿಂತುಹೋಯಿತು. ದೀಕ್ಷೆ ನಿಂತರೂ ಕರ್ತವ್ಯ ನಿಲ್ಲಲಿಲ್ಲ. ಎಲ್ಲರಿಗಿಂತ ಮುಂಚೆ ಬಂದು ಬಾಗಿಲು ತೆರೆಸಿ, ಬೋಧಕರ ಪೀಠವನ್ನು ಅಣಿಗೊಳಿಸಿ, ಜನರ ಕಿವಿಯನ್ನು ದೇವರ ವಾಕ್ಯದ ಕಡೆಗೆ ಕರೆಯುವ ಆ ಹಳೆಯ ಕೆಲಸವನ್ನು ಇಂದು ಮಾಡುತ್ತಿರುವವರು ಯಾರು ಎಂದು ನೋಡಿದರೆ, ನನ್ನ ದೃಷ್ಟಿ ಕಂಬದ ಬದಿಯ ಆ ಸಣ್ಣ ಮೇಜಿನ ಕಡೆಗೆ ಹೊರಳುತ್ತದೆ.

ಯಂತ್ರದ ಆಗಮನ

ನಮ್ಮ ಧರ್ಮಕೇಂದ್ರದ ವಯಸ್ಸೂ ಧ್ವನಿವರ್ಧಕದ ವಯಸ್ಸೂ ಹೆಚ್ಚುಕಡಿಮೆ ಒಂದೇ ಎಂಬುದು ಗಮನಿಸತಕ್ಕ ವಿಷಯ. ಪೀಟರ್ ಜೆನ್ಸನ್ ಮತ್ತು ಎಡ್ವಿನ್ ಪ್ರಿಡ್‌ಹ್ಯಾಮ್ ಎಂಬಿಬ್ಬರು ಅಮೆರಿಕದಲ್ಲಿ 1915ರ ಹೊತ್ತಿಗೆ ವಿದ್ಯುತ್ತಿನಿಂದ ನಡೆಯುವ ಧ್ವನಿವರ್ಧಕವನ್ನು ಸಿದ್ಧಗೊಳಿಸಿದ್ದರು. 1919ರ ಸೆಪ್ಟೆಂಬರಿನಲ್ಲಿ ಸ್ಯಾನ್ ಡಿಯೇಗೋ ನಗರದಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ನರು ಸುಮಾರು 50,000 ಜನರನ್ನುದ್ದೇಶಿಸಿ ಆ ಸಾಧನದ ಮೂಲಕ ಮಾತನಾಡಿದರು. ಅಲ್ಲಿಯವರೆಗೆ ಅಷ್ಟು ಜನರಿಗೆ ಒಬ್ಬ ಮನುಷ್ಯನ ದನಿ ಒಂದೇ ಸಲಕ್ಕೆ ಕೇಳಿಸುವುದು ಅಸಾಧ್ಯವೆನಿಸಿತ್ತು.

ಧರ್ಮಸಭೆ ಈ ಹೊಸ ವಿದ್ಯೆಗೆ ಬೆನ್ನು ತಿರುಗಿಸಲಿಲ್ಲ. 1931ರ ಫೆಬ್ರವರಿ 12ರಂದು ಜಗದ್ಗುರು ಹನ್ನೊಂದನೆಯ ಪಯಸ್ಸರು ವ್ಯಾಟಿಕನ್ ಆಕಾಶವಾಣಿಯನ್ನು ಉದ್ಘಾಟಿಸಿ ಲತೀನಿನಲ್ಲಿ ಜಗತ್ತಿಗೆ ಸಂದೇಶವಿತ್ತರು. ಅದನ್ನು ನಿರ್ಮಿಸಿಕೊಟ್ಟವರು ಸ್ವತಃ ಮಾರ್ಕೋನಿ. ಮರುವರ್ಷ, ಅಂದರೆ 1932ರ ಜೂನ್ ತಿಂಗಳಲ್ಲಿ, ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಅಂತರರಾಷ್ಟ್ರೀಯ ಪರಮಪ್ರಸಾದ ಮಹಾಸಮ್ಮೇಳನ ನಡೆಯಿತು. ಫೀನಿಕ್ಸ್ ಉದ್ಯಾನದಲ್ಲಿ ಲಕ್ಷೋಪಲಕ್ಷ ಜನ ಪೂಜೆಗೆ ನೆರೆದಿದ್ದರು. ನಗರದ ಬೀದಿಗಳುದ್ದಕ್ಕೂ ಧ್ವನಿವರ್ಧಕಗಳನ್ನು ಕಟ್ಟಿ, ಉದ್ಯಾನದ ಪ್ರಾರ್ಥನೆಯಲ್ಲಿ ಬೀದಿಯವರೂ ಒಂದಾಗುವಂತೆ ಮಾಡಲಾಗಿತ್ತು. ಜಗದ್ಗುರುಗಳ ಸಂದೇಶವೂ ರೋಮಿನಿಂದ ಆಕಾಶವಾಣಿಯ ಮೂಲಕ ಅಲ್ಲಿ ಕೇಳಿಬಂತು.

ನಮ್ಮ ನಾಡಿನಲ್ಲಿ 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಬೆಳಗಿದವು. ಆದರೆ ಹಳ್ಳಿಗಳಿಗೆ ವಿದ್ಯುತ್ತು ಬರಲು ಇನ್ನೂ ಹಲವು ದಶಕಗಳು ಬೇಕಾದವು. ಮಹಾತ್ಮ ಗಾಂಧಿಯವರ ಸಭೆಗಳ ಹಳೆಯ ಛಾಯಾಚಿತ್ರಗಳಲ್ಲಿ ‘ಶಿಕಾಗೋ ರೇಡಿಯೋ’ ಎಂಬ ಹೆಸರಿನ ಮೈಕನ್ನು ನೀವು ಕಂಡಿರಬಹುದು. ಸ್ವಾತಂತ್ರ್ಯ ಚಳವಳಿಯ ಮೂಲಕವೇ ನಮ್ಮ ಜನಸಾಮಾನ್ಯರಿಗೆ ಈ ಸಾಧನದ ಪರಿಚಯವಾಯಿತೆನ್ನಬಹುದು. ಬಳಿಕ ಜಾತ್ರೆ, ಮದುವೆ, ನಾಟಕಗಳಿಗೆ ‘ಮೈಕ್ ಸೆಟ್’ ಬಾಡಿಗೆಗೆ ಕೊಡುವವರು ಪೇಟೆಗಳಲ್ಲಿ ಅಂಗಡಿ ತೆರೆದರು. ವಿದ್ಯುತ್ತಿಲ್ಲದ ಊರುಗಳಲ್ಲಿ ಮೋಟಾರಿನ ಬ್ಯಾಟರಿಯಿಂದ ಅದನ್ನು ನಡೆಸುತ್ತಿದ್ದರು. ಹಬ್ಬದ ತೇರಿನ ಮುಂದೆ ಬ್ಯಾಟರಿಯನ್ನೂ ಕಹಳೆಯಾಕಾರದ ಹಾರನ್ನನ್ನೂ ಗಾಡಿಯಲ್ಲಿಟ್ಟು, ಜಪಸರದ ಪ್ರಾರ್ಥನೆಗೆ ಮೆರವಣಿಗೆಯ ಕೊನೆಯವರೂ ಉತ್ತರ ಕೊಡುವಂತೆ ಮಾಡುತ್ತಿದ್ದ ದೃಶ್ಯ ನಮ್ಮ ಹಿರಿಯರ ನೆನಪಿನಲ್ಲಿದೆ.

ಬಲಿಪೂಜೆಯಲ್ಲಿ ಯಂತ್ರಕ್ಕೆ ಎಷ್ಟು ಎಡೆ ಕೊಡಬೇಕೆಂಬ ಪ್ರಶ್ನೆ ಆಗ ಸಹಜವಾಗಿ ಎದ್ದಿತು. ಇದಕ್ಕೆ ರೋಮ್ ಕೊಟ್ಟ ಉತ್ತರ ಬಹಳ ಅರ್ಥಗರ್ಭಿತವಾದದ್ದು. ಜಗದ್ಗುರು ಹನ್ನೆರಡನೆಯ ಪಯಸ್ಸರ ಕಾಲದ ಕೊನೆಯಲ್ಲಿ, 1958ರ ಸೆಪ್ಟೆಂಬರ್ 3ರಂದು, ಪವಿತ್ರ ಸಂಗೀತ ಮತ್ತು ದೈವಾರಾಧನೆಯನ್ನು ಕುರಿತ ಸೂಚನಾಪತ್ರವೊಂದು ಹೊರಬಂತು. ಗ್ರಾಮಫೋನು, ರೇಡಿಯೋ, ಟೇಪ್ ರೆಕಾರ್ಡರು ಮೊದಲಾದ ತಾವಾಗಿ ಹಾಡುವ ಯಂತ್ರಗಳನ್ನು ಆರಾಧನೆಯಲ್ಲಿ ಬಳಸಕೂಡದೆಂದು ಅದು ಕಟ್ಟುನಿಟ್ಟಾಗಿ ವಿಧಿಸಿತು. ಆದರೆ ಅದೇ ವಿಧಿಯಲ್ಲಿ, ಗುರುವಿನ ಮತ್ತು ಸಭೆಗೆ ಕೇಳಿಸುವಂತೆ ಮಾತನಾಡಬೇಕಾದ ಇತರರ ಜೀವಂತ ಧ್ವನಿಯನ್ನು ದೊಡ್ಡದು ಮಾಡಲು ಧ್ವನಿವರ್ಧಕವನ್ನು ಬಳಸಬಹುದೆಂದು ಅನುಮತಿಯನ್ನೂ ನೀಡಿತು. ಮನುಷ್ಯನ ಬದಲಿಗೆ ಪ್ರಾರ್ಥಿಸುವ ಯಂತ್ರಕ್ಕೆ ಬಾಗಿಲು ಮುಚ್ಚಿತು. ಮನುಷ್ಯನ ಪ್ರಾರ್ಥನೆಯನ್ನು ನೆರೆಯವನಿಗೆ ಮುಟ್ಟಿಸುವ ಯಂತ್ರಕ್ಕೆ ಬಾಗಿಲು ತೆರೆಯಿತು. ಈ ಭೇದವನ್ನು ಧ್ವನಿಸೇವಕರು ಸದಾ ನೆನಪಿನಲ್ಲಿಡತಕ್ಕದ್ದು.

ಮಹಾಸಭೆಯ ಬಳಿಕ

ಐದು ವರ್ಷಗಳು ಕಳೆಯುವಷ್ಟರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಎಲ್ಲವನ್ನೂ ಹೊಸ ಬೆಳಕಿನಲ್ಲಿ ನೋಡುವಂತೆ ಮಾಡಿತು. 1963ರ ಡಿಸೆಂಬರ್ 4ರಂದು ಪ್ರಕಟವಾದ ದೈವಾರಾಧನೆಯ ಸಂವಿಧಾನವು, ಜನರು ಪೂಜೆಯಲ್ಲಿ ಪೂರ್ಣವಾಗಿ, ಅರಿವಿನಿಂದ, ಸಕ್ರಿಯವಾಗಿ ಭಾಗವಹಿಸಬೇಕೆಂದು ಬೋಧಿಸಿತು, ನಾಡಭಾಷೆಗಳಿಗೆ ಎಡೆಮಾಡಿಕೊಟ್ಟಿತು. ಮರುವರ್ಷ ಡಿಸೆಂಬರಿನಲ್ಲಿ ಜಗದ್ಗುರು ಆರನೆಯ ಪೌಲರು ಪರಮಪ್ರಸಾದ ಮಹಾಸಮ್ಮೇಳನಕ್ಕಾಗಿ ಮುಂಬಯಿಗೆ ಆಗಮಿಸಿದರು. 1965ರ ಮಾರ್ಚ್ 7ರಂದು ಅವರು ರೋಮಿನ ಧರ್ಮಕೇಂದ್ರವೊಂದರಲ್ಲಿ ಇಟಲಿಯ ಆಡುಭಾಷೆಯಲ್ಲಿ ಪೂಜೆ ಅರ್ಪಿಸಿದರು. 1967ರಲ್ಲಿ ಮಹಾಪ್ರಾರ್ಥನೆಯನ್ನೂ ಜನರಿಗೆ ಕೇಳಿಸುವಂತೆ ಹೇಳಲು ಅನುಮತಿ ದೊರೆಯಿತು. ಅದೇ ವರ್ಷ ಬೆಂಗಳೂರಿನಲ್ಲಿ ಫಾದರ್ ಅಮಲೋರ್‌ಪವದಾಸ್ ಅವರ ನೇತೃತ್ವದಲ್ಲಿ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ದೈವಾರಾಧನಾ ಕೇಂದ್ರ ಆರಂಭವಾಯಿತು. ಆ ದಶಕದ ಉತ್ತರಾರ್ಧದಲ್ಲಿ ನಮ್ಮ ಕನ್ನಡವೂ ಬಲಿಪೀಠವನ್ನೇರಿತು.

ಲತೀನ್ ಕೇಳಿಸದಿದ್ದರೆ ನಮ್ಮ ಅಜ್ಜಿಯರಿಗೆ ನಷ್ಟವೇನೂ ಆಗುತ್ತಿರಲಿಲ್ಲ. ಕನ್ನಡ ಕೇಳಿಸದಿದ್ದರೆ ನಷ್ಟ. ಅರ್ಥವಾಗುವ ಮಾತು ಬಂದ ದಿನವೇ ಕೇಳಿಸದಿರುವುದು ಒಂದು ಕೊರತೆಯಾಯಿತು. ಆದುದರಿಂದಲೇ ಊರೂರಿನ ದೇವಾಲಯಗಳಲ್ಲಿ ಹಬ್ಬಕ್ಕೆ ಮಾತ್ರ ಬಾಡಿಗೆಗೆ ಬರುತ್ತಿದ್ದ ಮೈಕು ಕ್ರಮೇಣ ಭಾನುವಾರದ ಪೂಜೆಗೂ ಬಂದು ನೆಲೆಸಿತು. ಪೂಜಾ ಗ್ರಂಥದ ಸಾಮಾನ್ಯ ಸೂಚನೆಗಳಲ್ಲಿಯೂ, ಜನರು ಗುರುವನ್ನು ಮತ್ತು ವಾಚಕರನ್ನು ನೋಡುವುದು ಮಾತ್ರವಲ್ಲದೆ, ಆಧುನಿಕ ಸಾಧನಗಳ ನೆರವಿನಿಂದ ಕಷ್ಟವಿಲ್ಲದೆ ಕೇಳುವಂತೆಯೂ ಏರ್ಪಾಡಿರಬೇಕೆಂದು ಹೇಳಲಾಗಿದೆ. ಹೀಗೆ ಧ್ವನಿಯ ಏರ್ಪಾಡು ಅನುಕೂಲದ ಮಾತಾಗಿ ಉಳಿಯದೆ ಆರಾಧನೆಯ ನಿಯಮವೇ ಆಯಿತು.

ಇಲ್ಲಿ ಒಂದು ಪ್ರತಿವಾದವನ್ನೂ ಉಲ್ಲೇಖಿಸಬೇಕು. ಕೆನಡಾ ದೇಶದ ಪ್ರಸಿದ್ಧ ಚಿಂತಕರೂ ಸ್ವತಃ ಕಥೋಲಿಕರೂ ಆಗಿದ್ದ ಮಾರ್ಷಲ್ ಮೆಕ್ಲುಹಾನ್ 1970ರ ದಶಕದಲ್ಲಿ ಇದನ್ನು ತಿರುವುಮುರುವಾಗಿ ನೋಡಿದರು. ಲತೀನನ್ನು ಬಲಿಪೀಠದಿಂದ ಹೊರಗೆ ಕಳುಹಿಸಿದ್ದು ಮೈಕೇ ಎಂಬುದು ಅವರ ಅಭಿಪ್ರಾಯ. ಸೆಮಿನರಿಯಲ್ಲಿ ಈ ಮಾತನ್ನು ಕೇಳಿದಾಗ ನಾವು ವಿದ್ಯಾರ್ಥಿಗಳು ನಕ್ಕಿದ್ದೆವು. ಈಗ ನಗು ಬರುವುದಿಲ್ಲ. ಮಹಾಸಭೆಯ ಪಿತೃಗಳು ಯಂತ್ರದ ಪ್ರೇರಣೆಯಿಂದ ಆ ನಿರ್ಣಯಕ್ಕೆ ಬಂದರೆಂಬುದನ್ನು ನಾನು ಒಪ್ಪಲಾರೆ. ಆದರೆ ಯಂತ್ರವೆಂಬುದು ಕೇವಲ ಸಾಧನವಲ್ಲ, ಅದು ಪೂಜೆಯ ರೀತಿಯನ್ನೇ ಸದ್ದಿಲ್ಲದೆ ಬದಲಿಸಬಲ್ಲದು ಎಂಬ ಅವರ ಎಚ್ಚರಿಕೆಯಲ್ಲಿ ಹುರುಳಿದೆ. ಮೈಕಿನ ಮುಂದೆ ನಿಂತ ಗುರುವಿಗೆ ಮಾತು ಹೆಚ್ಚುತ್ತದೆ. ಗಾನವೃಂದದ ನಾಲ್ವರಿಗೆ ಮೈಕು ಸಿಕ್ಕರೆ ಸಭೆಯ ನಾನೂರು ಮಂದಿ ಹಾಡುವುದನ್ನು ನಿಲ್ಲಿಸುತ್ತಾರೆ. ಈ ಎರಡು ದೋಷಗಳನ್ನೂ ನಾನು ಕಣ್ಣಾರೆ ಕಂಡಿದ್ದೇನೆ. ಮೊದಲನೆಯದನ್ನು ನಾನೇ ಮಾಡಿದ್ದೇನೆ.

ಕಂಬದ ಬದಿಯ ಕೆಲಸ

ಧ್ವನಿಸೇವಕನ ಕೆಲಸವೆಂದರೆ ಗುಂಡಿಯನ್ನು ಒತ್ತಿ ಸುಮ್ಮನಿರುವುದೆಂದು ಅನೇಕರು ತಿಳಿದಿದ್ದಾರೆ. ಅವನು ಪೂಜೆಗೆ ಮುಕ್ಕಾಲು ಗಂಟೆ ಮುಂಚೆ ಬಂದು ಪ್ರತಿಯೊಂದು ತಂತಿಯನ್ನೂ ನೋಡಬೇಕು. ತಂತಿಯಿಲ್ಲದ ಮೈಕಿನ ಬ್ಯಾಟರಿಯನ್ನು ಪರೀಕ್ಷಿಸಬೇಕು. ಮೊದಲ ವಾಚನವನ್ನು ಓದುವವರು ಎತ್ತರದ ಮೇಷ್ಟ್ರು, ಎರಡನೆಯದನ್ನು ಓದುವವಳು ಏಳನೆಯ ತರಗತಿಯ ಹುಡುಗಿ ಎಂದಾದರೆ, ನಡುವಣ ಕೀರ್ತನೆಯ ಹೊತ್ತಿಗೆ ಮೈಕನ್ನು ತಗ್ಗಿಸಿಡಬೇಕು. ಬಾಯಿಗೂ ಮೈಕಿಗೂ ಒಂದು ಗೇಣಿನಷ್ಟು ಅಂತರ ಇರಲೆಂದು ವಾಚಕರಿಗೆ ಮೊದಲೇ ತಿಳಿಸಬೇಕು. ಬಳಸದಿರುವ ಮೈಕುಗಳನ್ನು ಮುಚ್ಚಿರಬೇಕು. ಪೂಜೆ ಮುಗಿದ ಮೇಲೆ ಪೂಜಾಸಾಮಗ್ರಿಯ ಕೋಣೆಯಲ್ಲಿ ನಾನು ಆಡಿದ ಸಂಸಾರದ ಮಾತುಗಳು ಇಡೀ ದೇವಾಲಯಕ್ಕೆ ಕೇಳಿಸದಂತೆ ಕೊರಳಪಟ್ಟಿಯ ಮೈಕನ್ನು ತಕ್ಕ ಸಮಯಕ್ಕೆ ಮುಚ್ಚಿ ನನ್ನ ಮಾನ ಉಳಿಸಿದ ಸ್ವಯಂಸೇವಕರಿಗೆ ನಾನು ಋಣಿ. 1962ರಲ್ಲಿ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ ಎಂಬಿಬ್ಬರು ಕಂಡುಹಿಡಿದ ಎಲೆಕ್ಟ್ರೆಟ್ ಎಂಬ ಬಗೆಯ ಮೈಕಿನಿಂದಲೇ ಅಂತಹ ಚಿಕ್ಕ ಮೈಕುಗಳು ಅಗ್ಗವಾಗಿ ದೊರೆಯುವಂತಾದವು.

ಹಿಂದಿನ ಸಾಲಿನವರಿಗೆ ಧ್ವನಿ ಎರಡೆರಡಾಗಿ ಕೇಳಿಸುವ ತೊಂದರೆಗೂ ಅವನೇ ಪರಿಹಾರ ಹುಡುಕಬೇಕು. ಶಬ್ದವು ಗಾಳಿಯಲ್ಲಿ ಒಂದು ಸೆಕೆಂಡಿಗೆ ಸುಮಾರು 340 ಮೀಟರು ಸಾಗುತ್ತದೆ. ಬಲಿಪೀಠದಿಂದ 34 ಮೀಟರು ದೂರ ಕುಳಿತವರಿಗೆ ಗುರುವಿನ ಸ್ವಂತ ದನಿ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ತಡವಾಗಿ ಮುಟ್ಟುತ್ತದೆ. ಆದರೆ ತಂತಿಯ ಮೂಲಕ ಬಂದ ದನಿ ಪಕ್ಕದ ಸ್ಪೀಕರಿನಿಂದ ಕೂಡಲೇ ಕೇಳಿಸಿಬಿಡುತ್ತದೆ. ಎರಡೂ ಹೊಂದದೆ ಗೊಂದಲವಾಗುತ್ತದೆ. 1950ರ ದಶಕದ ಆರಂಭದಲ್ಲಿ ಲಂಡನ್ನಿನ ಸಂತ ಪೌಲರ ಮಹಾದೇವಾಲಯದಲ್ಲಿ ನೀಳವಾದ ಕಂಬದಂತಹ ಸ್ಪೀಕರುಗಳನ್ನು ಅಳವಡಿಸಿ, ಹಿಂದಿನ ಸ್ಪೀಕರುಗಳಿಗೆ ಧ್ವನಿಯನ್ನು ಲೆಕ್ಕಹಾಕಿ ತಡಮಾಡಿ ಕಳುಹಿಸುವ ಉಪಾಯವನ್ನು ಮಾಡಿದರು. ಅಂದು ದೊಡ್ಡ ಯಂತ್ರ ಬೇಕಾಗಿದ್ದ ಆ ಕೆಲಸವನ್ನು ಇಂದು ಅಂಗೈಯಗಲದ ಪೆಟ್ಟಿಗೆ ಮಾಡುತ್ತದೆ. ನಮ್ಮ ದೇವಾಲಯದಲ್ಲಿ ಯುವಕರು ಕಂಬದ ಸ್ಪೀಕರುಗಳನ್ನು ಹೊಂದಿಸಿದ ಭಾನುವಾರ, ಹಿಂಬದಿಯಲ್ಲಿ ಕೂರುವ ವೃದ್ಧ ತಾಯಿಯೊಬ್ಬರು ನನ್ನ ಬಳಿ ಬಂದು, “ಈಗ ಕೇಳಿಸ್ತದೆ ಸ್ವಾಮಿ” ಎಂದಷ್ಟೇ ಹೇಳಿ ಹೋದರು. ಅಲ್ಲಿಯವರೆಗಿನ ನನ್ನ ಪ್ರಬೋಧನೆಗಳ ಗತಿ ಏನಾಗಿತ್ತೆಂಬುದು ಆಗ ನನಗೆ ತಿಳಿಯಿತು.

ಈ ಸಂದರ್ಭದಲ್ಲಿ ನನ್ನ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳುವುದು ಯುಕ್ತವೆಂದು ತೋರುತ್ತದೆ. ಗುರುದೀಕ್ಷೆ ಪಡೆದ ಹೊಸತರಲ್ಲಿ ಬೇರೊಂದು ಧರ್ಮಕೇಂದ್ರದಲ್ಲಿ ಸಹಾಯಕ ಗುರುವಾಗಿದ್ದೆ. ಹಬ್ಬದ ದಿನ. ಉತ್ಸಾಹದಿಂದ ಮೈಕನ್ನು ಕೈಯಲ್ಲಿ ಹಿಡಿದು ಬೋಧಿಸುತ್ತಾ ಮೆಟ್ಟಿಲಿಳಿದು ಜನರ ನಡುವೆ ಬಂದೆ. ಒಮ್ಮೆಲೇ ಕಿವಿ ಸೀಳುವಂತೆ ಕಿರುಚುವ ಸದ್ದು ಹೊರಟಿತು. ಮೈಕ್ ನೋಡಿಕೊಳ್ಳುತ್ತಿದ್ದ ಹುಡುಗನ ಕಡೆ ತಿರುಗಿ, ಬಾರದ ಕೆಲಸಕ್ಕೆ ಕೈ ಹಾಕಬಾರದೆಂದು ತುಂಬಿದ ಸಭೆಯ ಎದುರಿಗೇ ಗದರಿಸಿಬಿಟ್ಟೆ. ಅವನು ತಲೆತಗ್ಗಿಸಿ ಸದ್ದನ್ನು ಇಳಿಸಿದ. ಪೂಜೆಯಾದ ಮೇಲೆ ತಂತಿಗಳನ್ನೆಲ್ಲ ಎಂದಿನಂತೆ ಅಚ್ಚುಕಟ್ಟಾಗಿ ಸುತ್ತಿಟ್ಟು, ಬೀಗದ ಕೈಯನ್ನು ಉಪದೇಶಿಗಳಿಗೆ ಒಪ್ಪಿಸಿ ಹೋದ. ಆ ಬಳಿಕ ಅವನು ಆ ಮೇಜಿನ ಬಳಿ ಬರಲಿಲ್ಲ.

ಮೈಕು ಸ್ಪೀಕರಿನ ಎದುರಿಗೆ ಬಂದಾಗ, ಸ್ಪೀಕರಿನ ಸದ್ದು ಮತ್ತೆ ಮೈಕಿನೊಳಗೆ ಹೊಕ್ಕು, ಹಿಗ್ಗಿ ಹೊರಬಂದು, ಪುನಃ ಒಳಹೊಕ್ಕು, ಕ್ಷಣಾರ್ಧದಲ್ಲಿ ಕಿರುಚಾಟವಾಗುತ್ತದೆಂಬುದು ಬಹಳ ದಿನಗಳ ಮೇಲೆ ನನಗೆ ತಿಳಿದುಬಂತು. ಸ್ಪೀಕರಿನ ಮುಂದಕ್ಕೆ ನಡೆದುಹೋದವನು ನಾನು. ತಪ್ಪು ನನ್ನದು; ಬೈಗುಳ ಅವನಿಗೆ. ಕ್ಷಮೆ ಕೇಳಲು ಹೊರಡುವಷ್ಟರಲ್ಲಿ ನನಗೆ ಬೇರೆ ಊರಿಗೆ ವರ್ಗವಾಗಿತ್ತು, ಅವನೂ ಕೆಲಸ ಹುಡುಕಿಕೊಂಡು ಊರು ಬಿಟ್ಟಿದ್ದ. ಪಾಪನಿವೇದನೆಯ ಪೀಠದಲ್ಲಿ ಇತರರಿಗೆ ಸಮಾಧಾನ ಹೇಳಿದ ನಾನು ಈ ಒಂದು ಭಾರವನ್ನು ಇಂದಿಗೂ ಹೊತ್ತಿದ್ದೇನೆ. ಧ್ವನಿಸೇವೆಯ ಸ್ವಭಾವವೇ ಹಾಗೆ. ಐವತ್ತೊಂದು ಭಾನುವಾರ ಎಲ್ಲವೂ ಸರಿಯಾಗಿದ್ದರೆ ಯಾರೂ ತಿರುಗಿ ನೋಡುವುದಿಲ್ಲ. ಐವತ್ತೆರಡನೆಯ ಭಾನುವಾರ ಒಂದು ಸದ್ದಾದರೆ ಎಲ್ಲರ ಕತ್ತುಗಳೂ ಅವನ ಕಡೆಗೆ ಹೊರಳುತ್ತವೆ.

ಮಿತಿ ಮತ್ತು ಮೌನ

ಕೇಳಿಸುವುದು ಒಳ್ಳೆಯದಾದರೂ ಅದಕ್ಕೊಂದು ಮಿತಿ ಇದೆ. ಕೇಂದ್ರ ಸರ್ಕಾರ 2000ನೆಯ ಇಸವಿಯಲ್ಲಿ ಹೊರಡಿಸಿದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮೀರಕೂಡದು. ರಾತ್ರಿ 10 ಗಂಟೆಯಿಂದ ಬೆಳಿಗ್ಗೆ 6 ಗಂಟೆಯವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸಕೂಡದು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಮದರಾಸಿನ ಒಂದು ಕ್ರೈಸ್ತ ಪ್ರಾರ್ಥನಾಲಯದ ಮೊಕದ್ದಮೆಯಲ್ಲಿ, ಇತರರ ಶಾಂತಿಯನ್ನು ಕದಡಿ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ಬೋಧಿಸುವುದಿಲ್ಲವೆಂದು ತೀರ್ಪಿತ್ತಿತು. ನಾವು ಇದನ್ನು ಕಾನೂನಿನ ಭಯದಿಂದ ಮಾತ್ರವಲ್ಲ, ನೆರೆಯವರ ಮೇಲಣ ಪ್ರೀತಿಯಿಂದಲೂ ಪಾಲಿಸಬೇಕು. ಪಕ್ಕದ ಮನೆಯಲ್ಲಿ ಪರೀಕ್ಷೆಗೆ ಓದುವ ಮಗುವಿದೆ, ಹಾಸಿಗೆ ಹಿಡಿದ ರೋಗಿಯಿದ್ದಾನೆ. ಪಾಸ್ಖ ಜಾಗರಣೆಯ ರಾತ್ರಿ ಹೊರಗಿನ ಹಾರನ್ನನ್ನು ಮುಚ್ಚಿ ಒಳಗಿನ ಸ್ಪೀಕರುಗಳನ್ನು ಮಾತ್ರ ಇಡುವ ಸೇವಕ ಶುಭಸಂದೇಶಕ್ಕೆ ಅಡ್ಡಿಮಾಡಿದವನಲ್ಲ, ಅದನ್ನು ಬಾಳಿ ತೋರಿಸಿದವನು.

ಮೌನವೂ ಅವನ ಕೈಯಲ್ಲಿದೆ. ಪವಿತ್ರ ಗುರುವಾರದ ಮಹಿಮಾಗೀತೆಯ ಬಳಿಕ ಪಾಸ್ಖ ಜಾಗರಣೆಯ ಮಹಿಮಾಗೀತೆಯವರೆಗೆ ಗಂಟೆಗಳು ಮೌನವಾಗಿರುತ್ತವೆ. ಶುಭಶುಕ್ರವಾರ ಗುರುವು ಬಲಿಪೀಠದ ಮುಂದೆ ಸಾಷ್ಟಾಂಗವೆರಗಿದಾಗ ದೇವಾಲಯದಲ್ಲಿ ಯಂತ್ರದ ಗುಂಯ್‌ಗುಟ್ಟುವಿಕೆಯೂ ಇರಕೂಡದು. ಆ ಮೌನವನ್ನು ಕಾಯುವವನೂ ಅವನೇ. ಪರಮಪ್ರಸಾದ ಸ್ವೀಕಾರದ ಬಳಿಕ ಒಂದೆರಡು ನಿಮಿಷ ಎಲ್ಲ ಮೈಕುಗಳನ್ನೂ ಮುಚ್ಚಿಟ್ಟು, ಸಭೆಯ ಹಾಡಿನ ಹೊತ್ತಿಗೆ ಗಾನವೃಂದದ ಸದ್ದನ್ನು ತುಸು ತಗ್ಗಿಸಿ ಜನರ ಸ್ವಂತ ಕಂಠ ಕೇಳಿಸುವಂತೆ ಮಾಡುವವನು ತನ್ನ ಕೆಲಸವನ್ನು ಬಲ್ಲವನು.

2020ರ ಮಾರ್ಚ್ ತಿಂಗಳನ್ನು ಯಾರು ಮರೆಯಬಲ್ಲರು? ಆ ತಿಂಗಳ 27ರಂದು ಅಂದಿನ ಜಗದ್ಗುರು ಫ್ರಾನ್ಸಿಸರು ಮಳೆಯಲ್ಲಿ ತೊಯ್ದ, ಜನರಿಲ್ಲದ ಸಂತ ಪೇತ್ರರ ಚೌಕದಲ್ಲಿ ಲೋಕಕ್ಕಾಗಿ ಪ್ರಾರ್ಥಿಸಿದರು. ನಮ್ಮ ದೇವಾಲಯದ ಬಾಗಿಲೂ ಮುಚ್ಚಿತ್ತು. ಬರಿದಾದ ಪೀಠಗಳ ಮುಂದೆ ಪೂಜೆ ಅರ್ಪಿಸುವಾಗ ನನ್ನ ಕಣ್ಣೆದುರು ಇದ್ದವರು ಮುಖಗವಸು ಧರಿಸಿದ ಇಬ್ಬರು ಯುವಕರು; ಒಬ್ಬನ ಕೈಯಲ್ಲಿ ಮೊಬೈಲು, ಇನ್ನೊಬ್ಬನ ಕೈಯಲ್ಲಿ ಮೈಕಿನ ತಂತಿ. ನಿಮ್ಮೆಲ್ಲರ ಮನೆಗಳಿಗೆ ಪೂಜೆ ತಲುಪಿದ್ದು ಅವರಿಂದ. ಪುರಾತನ ದ್ವಾರಪಾಲಕನು ದೇವಾಲಯದ ಬಾಗಿಲನ್ನು ತೆರೆಯುತ್ತಿದ್ದ. ಇವರು ಬಾಗಿಲು ಮುಚ್ಚಿದ್ದಾಗಲೂ ದೇವಾಲಯವನ್ನು ತೆರೆದಿಟ್ಟರು.

ನಮ್ಮ ಮುಂದಿನ ಕರ್ತವ್ಯ

ಈಚೆಗೆ ನಮ್ಮ ಧರ್ಮಕೇಂದ್ರದ ಪಾಲನಾ ಸಮಿತಿಯಲ್ಲಿ, ಯುವಕರು ಈ ಸೇವೆಗೆ ಮುಂದೆ ಬರುತ್ತಿಲ್ಲವಾದ್ದರಿಂದ ಹೊರಗಿನವರಿಗೆ ಗುತ್ತಿಗೆ ಕೊಟ್ಟುಬಿಡೋಣವೆಂಬ ಸಲಹೆ ಬಂದಿದೆ. ಮೇಲೆ ಹೇಳಿದ 1958ರ ಸೂಚನಾಪತ್ರವೇ ಈ ಬಗ್ಗೆ ದಾರಿ ತೋರಿಸುತ್ತದೆ. ವಾದ್ಯಗಾರರೂ ಗಾಯಕರೂ ಧರ್ಮಸಭೆಯ ಇತರ ಸೇವಕರೂ ದೇವರ ಪ್ರೀತಿಗಾಗಿ ಸಂಬಳವಿಲ್ಲದೆ ಸೇವೆ ಸಲ್ಲಿಸುವುದು ಅಪೇಕ್ಷಣೀಯ. ಅದು ಸಾಧ್ಯವಿಲ್ಲದವರಿಗೆ ನ್ಯಾಯವಾದ ವೇತನ ಕೊಡುವುದು ನ್ಯಾಯ ಮತ್ತು ಪ್ರೀತಿಯ ಧರ್ಮ ಎಂದು ಅದರಲ್ಲಿದೆ. ಆದುದರಿಂದ ದುರಸ್ತಿಗೆ, ದೊಡ್ಡ ಹಬ್ಬಗಳಿಗೆ ಕಸುಬುದಾರರನ್ನು ಕರೆದು ತಕ್ಕ ಕೂಲಿ ಕೊಡೋಣ. ಆದರೆ ಭಾನುವಾರದ ಪೂಜೆಯ ಧ್ವನಿ ನಮ್ಮವರ ಕೈಯಲ್ಲಿಯೇ ಇರಲಿ. ಹಿಂದಿನ ಸಾಲಿನಲ್ಲಿ ಕೂರುವ ಅಜ್ಜಿಗೆ ಯಾವ ಕಿವಿ ಮಂದವೆಂಬುದು ಗುತ್ತಿಗೆದಾರನಿಗೆ ತಿಳಿಯದು, ಮೊಮ್ಮಗನಿಗೆ ತಿಳಿದಿರುತ್ತದೆ.

ಯುವಕರು ಏಕೆ ಬರುತ್ತಿಲ್ಲವೆಂದು ಕೇಳುವ ಮುನ್ನ, ಬಂದವರನ್ನು ನಾವು ಹೇಗೆ ನಡೆಸಿಕೊಂಡೆವೆಂದು ಕೇಳಿಕೊಳ್ಳೋಣ. ನಾನು ಗದರಿಸಿ ಕಳುಹಿಸಿದ ಹುಡುಗನೊಬ್ಬನ ಕಥೆಯನ್ನು ಹೇಳಿದ್ದೇನೆ. ಅಂತಹ ಕಥೆ ಬೇರೆ ಊರುಗಳಲ್ಲಿಯೂ ಇದ್ದೀತು. ಶತಮಾನೋತ್ಸವದ ನೆನಪಿಗಾಗಿ, ನಮ್ಮ ದೇವಾಲಯದಲ್ಲಿ ಬ್ಯಾಟರಿಯ ಕಾಲದಿಂದ ಇಂದಿನವರೆಗೆ ಧ್ವನಿಸೇವೆ ಮಾಡಿದವರ ಹೆಸರುಗಳನ್ನು ಹಿರಿಯರಿಂದ ಕೇಳಿ ಧರ್ಮಕೇಂದ್ರದ ದಾಖಲೆ ಪುಸ್ತಕದಲ್ಲಿ ಬರೆದಿಡಬೇಕೆಂದು ನಿಶ್ಚಯಿಸಿದ್ದೇನೆ. ತಿಳಿದವರು ದಯವಿಟ್ಟು ಬಂದು ತಿಳಿಸಿರಿ. ತೀರಿಕೊಂಡವರಿಗಾಗಿ ನವೆಂಬರ್ ತಿಂಗಳಲ್ಲಿ ಒಂದು ಪೂಜೆಯನ್ನು ಅರ್ಪಿಸಲಾಗುವುದು.

ಜ್ಞಾನಸ್ನಾನದ ವಿಧಿಯಲ್ಲಿ ಗುರುವು ಶಿಶುವಿನ ಕಿವಿಯನ್ನೂ ಬಾಯನ್ನೂ ಮುಟ್ಟಿ, ಕಿವುಡನ ಕಿವಿಯನ್ನು ತೆರೆದ ಪ್ರಭುವೇ ಈ ಮಗುವಿನ ಕಿವಿಯನ್ನು ತನ್ನ ವಾಕ್ಯಕ್ಕೂ, ಬಾಯನ್ನು ತನ್ನ ಸ್ತುತಿಗೂ ತೆರೆಯಲೆಂದು ಪ್ರಾರ್ಥಿಸುವ ಪದ್ಧತಿಯನ್ನು ನೀವೆಲ್ಲರೂ ಬಲ್ಲಿರಿ. ಕಿವಿಗಳನ್ನು ತೆರೆಯುವವರು ಪ್ರಭುವೇ. ಆದರೆ ತೆರೆದ ಕಿವಿಗೆ ಮಾತನ್ನು ಮುಟ್ಟಿಸುವ ಕೆಲಸವನ್ನು ಅವರು ದೋಣಿಯ ಸಿಮೋನನಿಂದ ಮೊದಲ್ಗೊಂಡು ಕಂಬದ ಬದಿಯ ನಮ್ಮ ಹುಡುಗರವರೆಗೆ ಮನುಷ್ಯರ ಕೈಗೆ ಒಪ್ಪಿಸಿದ್ದಾರೆ. ಆ ಕೈಗಳನ್ನು ದೇವರು ಆಶೀರ್ವದಿಸಲಿ. ಇಂದೋ ಎಂದೋ ಈ ಪುಟ ಆ ಹಬ್ಬದ ದಿನದ ಹುಡುಗನ ಕೈಗೆ ಸಿಕ್ಕರೆ, ಅವನು ಈ ಮುದಿ ಗುರುವನ್ನು ಕ್ಷಮಿಸಲಿ.